ಅರೆ ಕೂಗು ಲೆಕ್ಕಕ್ಕಿಲ್ಲ

ನನ್ನ ಮೈದುನನಿಗೆ ಸಂಗೀತದ ಕಿವಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಕಚೇರಿಗೆ ಕರೆದುಕೊಂಡು ಹೋದರೆ ಎರಡನೇ ಕೀರ್ತನೆಗೇ ಗೊರಕೆ ಹೊಡೆಯುತ್ತಾನೆ, ನಿಜ. ಆದರೆ ಎಲ್ಲಾದರೂ ಕುಕ್ಕರ್ ಕೂಗಲಿ, ಕಣ್ಣು ಮುಚ್ಚಿ ತಲೆದೂಗಿ, "ಮೂರು ಲೀಟರ್ ಅತ್ತಿಗೆ. ಗ್ಯಾಸ್ಕೆಟ್ ಸಡಿಲ ಆಗಿದೆ" ಎನ್ನುತ್ತಾನೆ. ಹೋಗಿ ನೋಡಿದರೆ ಮೂರು ಲೀಟರೇ! ಗ್ಯಾಸ್ಕೆಟ್ಟೂ ಸಡಿಲವೇ!

ಈ ಹುಚ್ಚಿಗೆ ಕಾರಣ ನಾನೇ. ಬೆಳಿಗ್ಗೆ ಬೇಳೆಗಿಟ್ಟು ಜಪಕ್ಕೆ ಕೂರುವುದು ನನ್ನ ಪದ್ಧತಿ. ಬೆರಳಿನಲ್ಲಿ ಜಪದ ಎಣಿಕೆ, ಕಿವಿಯಲ್ಲಿ ಕುಕ್ಕರಿನ ಎಣಿಕೆ. ಎರಡೂ ಕಲೆಸಿಹೋಗಿ ಎಷ್ಟೋ ದಿನ ದೇವರಿಗೆ ಮೂರು ಜಪ, ಬೇಳೆಗೆ ಹದಿನೈದು ಕೂಗು ಆದದ್ದುಂಟು. ಆಫೀಸಿನ ಕೆಲಸ ಬಿಟ್ಟು ನಮ್ಮ ಬನಶಂಕರಿಯ ಮನೆಯ ಮಹಡಿ ಕೋಣೆಯಲ್ಲಿ ಕೂತಿದ್ದ ಮೈದುನ ಇದನ್ನು ನೋಡಿ ಒಂದು ಆಪ್ ಮಾಡಿದ. ಫೋನೇ ಕಿವಿಗೊಟ್ಟು ಕೂಗು ಎಣಿಸುತ್ತದೆ. ಮೂರಾದೊಡನೆ ಅವನದೇ ದನಿಯಲ್ಲಿ, "ಅತ್ತಿಗೆ, ಆಯ್ತು, ಆರಿಸಿ" ಎನ್ನುತ್ತದೆ. ಊರಿನವರೆಲ್ಲ ಅದನ್ನು ಹಾಕಿಕೊಂಡರು, ಊರಿನವರೆಲ್ಲ ಅವನಿಗೆ ಅತ್ತಿಗೆಯರಾದರು! ಜೆ.ಪಿ. ನಗರದ ಯಜಮಾನರೊಬ್ಬರು, "ನಾನು ಗಂಡಸು ಕಣ್ರೀ" ಎಂದು ರೇಗಿದ ಮೇಲೆ 'ಅಂಕಲ್' ಎಂಬುದೂ ಸೇರಿತು.

ಆ ಆಪಿಗಾಗಿ ಅವನು ಪಟ್ಟ ಪಾಡು! ಜಯನಗರದ ನೆಂಟರ ಮನೆಗಳಿಗೆಲ್ಲ ಅಡುಗೆಯ ಹೊತ್ತಿಗೆ ಸರಿಯಾಗಿ ಹೋಗಿ ಕೂಗು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದ. ಪಾಪ, ಊಟಕ್ಕೆ ಬಂದನೆಂದು ಅವರು ಎಲೆ ಹಾಕಿದರೆ, "ಊಟ ಬೇಡ, ಇನ್ನೊಂದ್ಸಲ ಕೂಗ್ಸಿ" ಎನ್ನುತ್ತಿದ್ದ. ಬಿಳೇಕಹಳ್ಳಿಗೆ ಹೆಣ್ಣು ನೋಡಲು ಹೋದ ದಿನವಂತೂ ಕೇಳಬೇಡಿ. ಹುಡುಗಿ ಕಾಫಿ ತಂದಿಟ್ಟು ನಿಂತಿದ್ದಾಳೆ, ಒಳಗೆ ಕುಕ್ಕರ್ ಕೂಗಿತು. ಇವನು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಫೋನ್ ಹಿಡಿದು ಅಡುಗೆಮನೆಗೇ ನುಗ್ಗಿಬಿಟ್ಟ! ವಾಪಸು ಬರುವಾಗ, "ಹೇಗಿದ್ದಾಳೋ?" ಎಂದೆ. "ಐದು ಲೀಟರ್ ಅತ್ತಿಗೆ, ಏನು ಸ್ವರ ಅಂತೀರಾ!" ಎಂದ. ಆ ಸಂಬಂಧ ಕುದುರಲಿಲ್ಲ. ಹುಡುಗಿ ಈಗ ಬೇರೆಲ್ಲೋ ಸುಖವಾಗಿದ್ದಾಳಂತೆ. ದೇವರು ದೊಡ್ಡವನು.

ಮೊದಮೊದಲು ಆ ಆಪಿಗೆ ನಮ್ಮ ಕುಕ್ಕರ್ ಯಾವುದು, ಪಕ್ಕದ ಮನೆಯದು ಯಾವುದು ಎಂಬ ಭೇದವೇ ಇರಲಿಲ್ಲ. ಗೌರಿ ಹಬ್ಬದ ದಿನ ಅದರ ಮಾತು ನಂಬಿ ಒಲೆ ಆರಿಸಿದೆ. ಹೋಳಿಗೆಯ ಬೇಳೆ ಕಲ್ಲಿನ ಹಾಗಿತ್ತು. ಮೈದುನ ಆಮೂಲಾಗ್ರ ವಿಚಾರಣೆ ನಡೆಸಿ, "ನಿಮ್ದು ಕೂಗಿರೋದು ಒಂದೇ ಅತ್ತಿಗೆ, ಉಳಿದೆರಡು ಪಕ್ಕದ್ಮನೆ ಆಂಟೀದು" ಎಂದು ತೀರ್ಪು ಕೊಟ್ಟ. ಅಂದಿನಿಂದ ಆಪಿಗೆ ಅವರವರ ಕುಕ್ಕರಿನ ಪರಿಚಯ ಮಾಡಿಸುವ ಏರ್ಪಾಡಾಯಿತು. ಜೊತೆಗೆ ನಮ್ಮತ್ತೆಯವರ ಒಂದು ಕಟ್ಟಳೆಯನ್ನೂ ಅದರೊಳಗೆ ಬರೆದ. ಪೂರ್ತಿ ಕೂಗುವ ಮೊದಲು ಕುಕ್ಕರ್ 'ಉಸ್ಸ್' ಎಂದು ಅರ್ಧ ಕೂಗಿ ಸುಮ್ಮನಾಗುತ್ತದಲ್ಲ, ಆ ಅರೆ ಕೂಗು ಲೆಕ್ಕಕ್ಕಿಲ್ಲ. ಬದುಕಿದ್ದಷ್ಟು ಕಾಲವೂ ಅತ್ತೆ ಅದನ್ನು ಎಣಿಸಗೊಡಲಿಲ್ಲ.

ಬಳಸುವವರ ದೂರು ಕೇಳುವುದಕ್ಕೆ ನನ್ನ ಫೋನ್ ನಂಬರ್ ಕೊಟ್ಟಿದ್ದ. "ನನ್ನನ್ನ ಒಂದ್ಮಾತು ಕೇಳಬಾರದಾ?" ಎಂದರೆ, "ನೀವು ಮೆತ್ತಗೆ ಮಾತಾಡ್ತೀರ ಅತ್ತಿಗೆ. ನಾನಾದ್ರೆ ಜಗಳಕ್ಕೆ ನಿಂತ್ಬಿಡ್ತೀನಿ" ಎಂದ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಫೋನ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ಕೂತಿತ್ತು. ಕುಕ್ಕರ್ ಇಟ್ಟರೆ, ಆಪಿನೊಳಗಿನ ಮೈದುನ ಬಾಯಿ ತೆರೆಯುವ ಮೊದಲೇ ಯಾವಳೋ ಹೆಂಗಸು ಜೇನಿನಂಥ ದನಿಯಲ್ಲಿ, "ಮೂರು ವಿಶಲ್ ಮುಗಿದಿದೆ" ಎಂದಳು! ಫೋನ್ ತಯಾರಿಸುವ ದೊಡ್ಡ ಕಂಪನಿಯವರು ತಾವೇ ಕೊಟ್ಟಿರುವ ಹೊಸ ಸೌಲಭ್ಯವಂತೆ. ಇನ್ನು ಯಾರೂ ಬೇರೆ ಆಪ್ ಹಾಕಿಕೊಳ್ಳಬೇಕಾಗಿಯೇ ಇಲ್ಲವಂತೆ. ಇರಲಿ, ಇಂಥ ಯೋಚನೆ ಯಾರ ತಲೆಗೂ ಬರಬಹುದು ಎಂದುಕೊಳ್ಳೋಣ. ಆದರೆ ಅವಳೂ ಅರೆ ಕೂಗನ್ನು ಬಿಟ್ಟೇ ಎಣಿಸಿದಳಲ್ಲ! ನಮ್ಮತ್ತೆಯ ಕಟ್ಟಳೆ ಸಮುದ್ರದಾಚೆಯವರಿಗೆ ಹೇಗೆ ತಿಳಿಯಿತು? ಅತ್ತೆಯೇ ಅವರ ಕನಸಿಗೆ ಹೋಗಿ ಹೇಳಿಬಂದರೇ?

"ಕೇಸ್ ಹಾಕೋ!" ಎಂದು ನಮ್ಮೆಜಮಾನರು ಹಾರಾಡಿದರು.

"ಎಲ್ಲಿಂದ ಹಾಕ್ಲಣ್ಣ? ಆಪನ್ನ ಅವರ ಸ್ಟೋರಿಗೆ ಹಾಕುವಾಗ ಅವರ ಷರತ್ತಿಗೆಲ್ಲ ಒಪ್ಪಿಗೆ ಅಂತ ನಾನೇ ಒತ್ತಿದೀನಿ."

"ಓದ್ದೇನೇ ಒತ್ತಿದ್ಯಾ?"

"ಮತ್ತೆ ನೀನು ಮದುವೆ ಮಂತ್ರಕ್ಕೆಲ್ಲ ಅರ್ಥ ಕೇಳ್ಕೊಂಡು ತಾಳಿ ಕಟ್ಟಿದ್ಯಾ?"

ನಮ್ಮೆಜಮಾನರು ಒಮ್ಮೆ ನನ್ನ ಕಡೆ ನೋಡಿ ಪೇಪರ್ ಬಿಡಿಸಿಕೊಂಡರು.

ಅಂದು ಮೈದುನ ಆಡಿದ ಕೊನೆಯ ತಮಾಷೆ ಅದೇ. ಮಹಡಿ ಹತ್ತಿದವನು, ತಿಂಗಳ ಕೊನೆಗೆ ಆಪ್ ನಿಲ್ಲಿಸುತ್ತೇನೆಂದು ಎಲ್ಲರಿಗೂ ಮೆಸೇಜ್ ಕಳಿಸಿ ಬಾಗಿಲು ಹಾಕಿಕೊಂಡ. ಎರಡು ದಿನ ಒಂದಗುಳು ಮುಟ್ಟಲಿಲ್ಲ. ತಟ್ಟೆ ಇಟ್ಟು ಬರುತ್ತಿದ್ದೆ, ಆರಿದ ತಟ್ಟೆಯನ್ನು ತಿರುಗಿ ತರುತ್ತಿದ್ದೆ. ಬಾಗಿಲಿನಾಚೆಯಿಂದ "ಹಸಿವಿಲ್ಲ ಅತ್ತಿಗೆ" ಎಂಬುದೊಂದೇ ಮಾತು. ಎಲ್ಲರಿಗೂ ಅತ್ತಿಗೆ ಎನ್ನುತ್ತಿದ್ದ ಆ ದನಿ ಎಷ್ಟು ಸಣ್ಣದಾಗಿತ್ತು! ನಾನು ಬೇಗೂರಿನ ನಾಗೇಶ್ವರನಿಗೆ ಕೈಮುಗಿದೆ: ಆಪ್ ಹೋದರೆ ಹೋಗಲಿ ಸ್ವಾಮಿ, ಈ ಹುಡುಗನನ್ನು ಊಟಕ್ಕೆ ಎಬ್ಬಿಸು. ಹುಡುಗನಿಗೆ ನಲವತ್ತೆರಡು ಎಂಬುದು ಸ್ವಾಮಿಗೂ ಗೊತ್ತು.

ಮೂರನೆಯ ಬೆಳಿಗ್ಗೆ ಫೋನ್ ಬಂತು. ಹಲೋ ಎನ್ನುವಷ್ಟರಲ್ಲಿ ಅತ್ತಲಿಂದ ಅಜ್ಜಿಯೊಬ್ಬರ ಗಟ್ಟಿ ದನಿ.

"ಅಮ್ಮಾ, ನೀವ್ ಮಾತಾಡದು ನಂಗ್ ಕೇಳ್ಸಕಿಲ್ಲ, ನಾನ್ ಹೇಳದ್ ಕೇಳ್ಕಳಿ. ಉತ್ತರಹಳ್ಳಿ ಹಳೇ ಊರ್ನೋರು ನಾವು, ಅರಳೀಕಟ್ಟೆ ಎದುರ್ಗಡೆ ಮನೆ. ನನ್ ಕಿವಿ ಹೋಗಿ ವರ್ಸಗಳಾದೋ. ಕುಕ್ಕರ್ ಕೂಗಿದ್ರೆ ನಿಮ್ಮ ಆಪು ಫೋನ್ನಾಗೆ ಲೈಟ್ ಮಿಣುಕುಸ್ತದೆ, ನೋಡ್ಕಂಡು ಆರಿಸ್ತೀನಿ. ಮುಂಚೆ ಸೀದ್ ವಾಸ್ನೆ ಬಂದ್ಮ್ಯಾಲೇ ಗೊತ್ತಾಗ್ತಿತ್ತು. ಅದ ನಿಲ್ಲಿಸ್ತೀರಂತೆ? ಕಂಪ್ನೀದು ಬರೀ ಮಾತಾಡ್ತದಂತೆ. ಕಿವುಡೀತಾವ ಮಾತಾಡಿದ್ರೆ ಏನ್ ಬಂತಮ್ಮಾ?"

ಇಷ್ಟು ಹೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟರು. ಕಾದಾದರೂ ಏನು ಪ್ರಯೋಜನ!

ಮಹಡಿಗೆ ಓಡಿ, ಮುಚ್ಚಿದ ಬಾಗಿಲಿಗೇ ಎಲ್ಲವನ್ನೂ ಒದರಿದೆ. ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, "ಲೈಟಾ? ಮಿಕ್ಸಿ ಓಡ್ತಿದ್ರೆ ಕೇಳ್ಸಲ್ಲ ಅಂತ ಹಾಕಿದ್ದೆ ಅದು" ಎಂದ. ಚಿಲಕ ಸರಿಯಿತು. "ಮನೆ ಎಲ್ಲಿ ಅಂದ್ರು ಅತ್ತಿಗೆ?"

ಆಟೋದಲ್ಲಿ ಹೊರಟೆವು. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳ ಸಾಲು, ಅವುಗಳ ನಡುವೆ ಅಜ್ಜಿಯ ಹಳೆಯ ಮನೆ. ನಾವು ಯಾರೆಂದು ಫೋನಿನಲ್ಲಿ ಬರೆದು ತೋರಿಸಿದೆವು. ಅಜ್ಜಿ ಅವನ ಕೈ ಹಿಡಿದು ಸೀದಾ ಅಡುಗೆಮನೆಗೇ ಎಳೆದುಕೊಂಡು ಹೋದರು. ಒಲೆಯ ಮೇಲೆ ಅವರೆಕಾಳು, ಉಪ್ಪಿನ ಡಬ್ಬಿಗೆ ಒರಗಿಸಿದ ಫೋನ್. ಕುಕ್ಕರ್ ಕೂಗಿತು, ಲೈಟ್ ಮಿಣುಕಿತು, ಅಜ್ಜಿ ಒಂದು ಬೆರಳೆತ್ತಿ ಮಗುವಿನ ಹಾಗೆ ನಕ್ಕರು. ಇನ್ನೊಂದು ಕೂಗು, ಇನ್ನೊಂದು ಬೆರಳು. ಮೂರಕ್ಕೆ ಒಲೆ ಆರಿಸಿದರು. ಇಷ್ಟು ವರ್ಷ ಕೂಗಿಗೆ ಕಿವಿಗೊಟ್ಟವನು, ಅದನ್ನು ಕಣ್ಣಿನಿಂದ ಕೇಳುವವರನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆಮೇಲೆ 'ನಿಲ್ಲಿಸಲ್ಲ ಅಜ್ಜಿ' ಎಂದು ಬರೆದು ತೋರಿಸಿದ.

"ಆ ಕಂಪ್ನಿಯೋರು ಬಂದ್ ಕೇಳುದ್ರಾ ನನ್ನ? ನೀನ್ ಬಂದೆ," ಎಂದು ಅಜ್ಜಿ ಅವನ ಮುಖವನ್ನು ದಿಟ್ಟಿಸಿದರು. "ಊಟ ಬಿಟ್ಟೀಯಾ ಮಗಾ? ಕೂತ್ಕೋ."

ಬಿಸಿ ಮುದ್ದೆ, ಸಾರು ಬಂತು. ಅಂದು ಏಕಾದಶಿ. ನಮ್ಮ ಮನೆಯಲ್ಲಿ ಆ ದಿನ ತಟ್ಟೆಯ ಮಾತೇ ಇಲ್ಲ. ಎಷ್ಟೇ ಹುಚ್ಚನಾದರೂ ಮೈದುನ ಒಂದು ಏಕಾದಶಿಯನ್ನೂ ತಪ್ಪಿಸಿದವನಲ್ಲ. ಕೈ ಚಾಚಿದವನು ಹಿಂದೆಗೆದು ನನ್ನತ್ತ ನೋಡಿದ.

"ಅತ್ತಿಗೆ, ಇವತ್ತು..."

"ನಂಗೊತ್ತಿಲ್ವೇನೋ? ಉಣ್ಣು."

ಉಂಡ. ಮೊದಲು ಮೆಲ್ಲಗೆ, ಆಮೇಲೆ ಗಬಗಬನೆ. ನಡುವೆ ಎಡಗೈಯಿಂದ ಕಣ್ಣೊರೆಸಿಕೊಂಡು, "ಖಾರ" ಎಂದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಅಜ್ಜಿಗೆ ಒಂದು ಬೆರಳೆತ್ತಿ ತೋರಿಸಿದೆ: ಇನ್ನೊಂದು ಮುದ್ದೆ ಹಾಕಿ.