ನಮ್ಮ ಮಹಿಳಾ ಮಂಡಳಕ್ಕೆ ಬಂದ ಪಂಕ್ ಬ್ಯಾಂಡು

ಕಾನ್ವೆಂಟಿನಲ್ಲಿ ಓದಿದವಳು ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಊರಿಗೆ ಬರುವ ಇಂಗ್ಲಿಷಿಗೆಲ್ಲ ನೀವೇ ಹೊಣೆ. ಬೈಲಹೊಂಗಲಕ್ಕೆ ಸೊಸೆಯಾಗಿ ಬಂದಾಗಿನಿಂದ ಓಣಿಯವರ ಔಷಧದ ಬಾಟಲಿ, ಮಿಕ್ಸರಿನ ಗ್ಯಾರಂಟಿ ಕಾರ್ಡು, ಒಮ್ಮೆ ಪಕ್ಕದ ಮನೆಯ ನಾಯಿಯ ವಂಶಾವಳಿಯನ್ನೂ ಓದಿ ಹೇಳಿದ್ದೇನೆ. ತಿಳಿಯದ್ದನ್ನು ತಿಳಿಯದು ಎನ್ನುವ ಧೈರ್ಯ ಮಾತ್ರ ನನಗೆಂದೂ ಬಂದಿಲ್ಲ. ಹಾಗಾಗಿಯೇ, ಸೌಂಡ್ ಸಿಸ್ಟಂ ಅಂಗಡಿ ಇಟ್ಟಿರುವ ನನ್ನ ಮೈದುನ ಬಸು ಫೋನು ಮಾಡಿ, “ವೈನಿ, ಪೋಲೆಂಡದಿಂದ ನಾಕು ಮಂದಿ ಪಂಕ್ ಬ್ಯಾಂಡಿನವರು ಬಂದಾರ. ಹುಬ್ಬಳ್ಳ್ಯಾಗಿನ ಕಾರ್ಯಕ್ರಮ ಕ್ಯಾನ್ಸಲ್ ಆಗೇತಿ. ನಿಮ್ಮ ಮಹಿಳಾ ಮಂಡಳದಾಗ ಒಂದ್ ತಾಸು ಹಾಡಾಕ ಬಿಡ್ರಿ” ಎಂದಾಗ, ಪಂಕ್ ಎಂದರೇನು ಎಂದು ಕೇಳಲಿಲ್ಲ. “ಓ, ಪಂಕ್!” ಎಂದುಬಿಟ್ಟೆ.

ಇಂಗ್ಲಿಷ್ ಹಾಡು ಎಂದರೆ ನನ್ನ ಕಣ್ಣಿಗೆ ಬರುವುದು ಪಿಯಾನೋ ಮುಂದೆ ಕೂತ ನಮ್ಮ ಸಿಸ್ಟರು, ಕೈಕಟ್ಟಿ ಸಾಲಾಗಿ ನಿಂತ ನಾವು. ಆ ಭರವಸೆಯ ಮೇಲೆ ಮಂಡಳದ ಅಧ್ಯಕ್ಷೆ ಗಿರಿಜಕ್ಕನಿಗೆ, “ಭಾಳ ಶಾಂತ ಹಾಡು ಇರ್ತಾವ್ರಿ ಅಕ್ಕಾರ” ಎಂದು ಮಾತು ಕೊಟ್ಟೆ. ಗಿರಿಜಕ್ಕ ಕನ್ನಡಕದ ಮೇಲಿಂದ ನೋಡಿದರು. “ಛಲೋ ಆತು. ಏನರ ಹೆಚ್ಚು ಕಡಿಮಿ ಆದ್ರ ಮುಂದಿನ ತಿಂಗಳದಿಂದ ನಿರೂಪಣಾ ಬ್ಯಾರೇದವರು ಮಾಡ್ತಾರ ನೋಡವಾ.” ಆರು ವರ್ಷದಿಂದ ಆ ಮೈಕು ನನ್ನದು. ಈ ಭೂಮಿಯ ಮೇಲೆ ನಾನು ಮಾತಾಡುವಾಗ ನಡುವೆ ಯಾರೂ “ಚಾ ಆತೇನು?” ಎಂದು ಕೇಳದಿರುವ ಜಾಗ ಅದೊಂದೇ.

ಬ್ಯಾಂಡಿನವರು ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೇ ಬಂದರು. ಹಾಡುವವಳು ಕಾಸ್ಯಾ ಎಂಬ ಹುಡುಗಿ. ಕೂದಲು ಎಳೆ ಮೆಂತ್ಯಸೊಪ್ಪಿನ ಬಣ್ಣ. ಕಿವಿಯಿಂದ ಜಾಕೀಟಿನ ತುದಿಯವರೆಗೆ ಸೇಫ್ಟಿ ಪಿನ್ನು. ನಮ್ಮನೆಯವರು ಒಮ್ಮೆ ನೋಡಿ ನಮಸ್ಕಾರ ಮಾಡಿ, ಪೇಪರಿನ ಹಿಂದೆ ಸರಿದುಹೋದರು. ರೊಟ್ಟಿ, ಎಣ್ಣೆಗಾಯಿ ತಿನ್ನುತ್ತ ಕಾಸ್ಯಾ ತಮ್ಮ ತಿರುಗಾಟದ ಕಥೆ ಹೇಳಿದಳು. ಒಂದು ದೇಶದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಲ್ಲಿ ಹಾಡಿದರಂತೆ. ಯಂತ್ರಗಳು ಡ್ರಮ್ಮಿಗಿಂತ ಚೆನ್ನಾಗಿ ತಾಳ ಹಾಕಿದವಂತೆ. ಇನ್ನೊಂದು ಕಡೆ ಕೇಳಲು ಬಂದವರು ಆರೇ ಜನ, ಅದರಲ್ಲಿ ಇಬ್ಬರು ಮಳೆ ನಿಲ್ಲಲಿ ಎಂದು ಒಳಗೆ ಬಂದವರು. “ಜನಕ್ಕೆ ಹಾಡು ಹಿಡಿಸಿದರೆ ಏನು ಮಾಡುತ್ತಾರೆ?” ಎಂದು ಕೇಳಿದೆ. “ಒಬ್ಬರನ್ನೊಬ್ಬರು ದೂಡುತ್ತಾರೆ,” ಎಂದಳು, ಬಹಳ ಹೆಮ್ಮೆಯಿಂದ. ಹಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು.

ನಾಲ್ಕು ಗಂಟೆಗೆ ಕಾರ್ಯಕ್ರಮ. ಸ್ವಾಗತಗೀತೆ, ದೀಪ, ಪ್ರಾಸ್ತಾವಿಕ, ಆಮೇಲೆ ಶಾಲು ಹೊದಿಸಿ ಸನ್ಮಾನ. ಡ್ರಮ್ಮಿನವನಿಗೆ ಶಾಲು ತೆಗೆದಿಡಬಹುದೆಂದು ಯಾರೂ ಹೇಳದ್ದರಿಂದ ಅವನು ಹೊದ್ದುಕೊಂಡೇ ಕೂತ. ಮುಂದಿನ ಸಾಲಿನವರು ತಮ್ಮ ತಾಳಿಗೆ ಸಿಕ್ಕಿಸಿದ್ದ ಪಿನ್ನಿನ ಗೊಂಚಲು ಮುಟ್ಟಿಕೊಂಡು, “ಹುಡುಗಿ ಶಾಣ್ಯಾಕಿ ಅದಾಳ, ಎಷ್ಟ ಪಿನ್ನ ಇಟ್ಕೊಂಡಾಳ ನೋಡ” ಎಂದು ಮೆಚ್ಚಿಕೊಂಡರು. “ಪ್ಯಾಂಟು ಮೊಣಕಾಲಿಗೆ ಹರದೈತಿ ಪಾಪ. ನಮ್ಮನ್ಯಾಗ ಮಶೀನ ಐತಿ, ಹೊಲದ ಕೊಡ್ತೇನಿ” ಎಂದಳೊಬ್ಬಳು.

ಹಾಡು ಶುರುವಾಯಿತು. ಪಾತ್ರೆ ತುಂಬಿದ ಸ್ಟ್ಯಾಂಡು ಮಾಳಿಗೆಯ ಮೆಟ್ಟಿಲ ಮೇಲಿಂದ ಉರುಳಿದಂತೆ. ಒಂದೇ ನಿಮಿಷ, ಮುಗಿದೂ ಹೋಯಿತು. ಗಿರಿಜಕ್ಕ ಕೈ ಎತ್ತಿದರು. “ನಿಂದರಸ್ರಿ. ನಿರೂಪಕರ, ಆ ಹುಡುಗಿ ಏನಂತ ಒದರಿದ್ಲು? ಅರ್ಥ ಹೇಳ್ರಿ.”

ಹಾಡಿದ್ದು ಇಂಗ್ಲಿಷಿನಲ್ಲೇ, ನನಗೆ ಒಂದು ಶಬ್ದವೂ ಸಿಕ್ಕಿರಲಿಲ್ಲ. ಕಾಸ್ಯಾಳ ಕಿವಿಯಲ್ಲಿ ಕೇಳಿದೆ. “ನಾನು ನಿನ್ನ ತಟ್ಟೆ ತೊಳೆಯುವುದಿಲ್ಲ,” ಎಂದಳು. “ಮುಂದೆ?” “ಮುಂದೆಯೂ ಅದೇ.” ‘ತಟ್ಟೆ ಎಂದರೆ ಮನಸ್ಸು’ ಎಂದು ಒಂದು ಅಧ್ಯಾತ್ಮವನ್ನು ಗಡಬಡಿಸಿ ಕಟ್ಟಿಕೊಂಡು ಮೈಕಿನ ಮುಂದೆ ನಿಂತೆ. ಆದರೆ ಗಿರಿಜಕ್ಕನ ಕನ್ನಡಕ ಕಂಡದ್ದೇ ಬಾಯಿಂದ ನಿಜವೇ ಜಾರಿತು. “‘ನಾ ನಿನ್ನ ಗಂಗಾಳ ತೊಳ್ಯಾಂಗಿಲ್ಲ’ ಅಂತ್ರಿ ಅಕ್ಕಾರ.”

ಮೈಕು ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಮಗಳ ಮನೆಗೆಂದು ಮುನವಳ್ಳಿಯಿಂದ ಬಂದಿದ್ದ ನೀಲವ್ವಾಯಿಯ ದನಿ ಬಂತು. “ಯಾರ ಗಂಗಾಳ? ಗಂಡಂದೇನು?” ನಾನು ಕಾಸ್ಯಾಳನ್ನು ಕೇಳಿದೆ. ಅವಳು ಗಂಭೀರವಾಗಿ ಯೋಚಿಸಿ ಕೊಟ್ಟ ಉತ್ತರವನ್ನು ಮೈಕಿನಲ್ಲಿ ಹೇಳಿದೆ. “ಎಲ್ಲಾರ್ದೂ ಅಂತ್ರಿ ಆಯಿ!”

“ಹಂಗಾರ ಇನ್ನೊಮ್ಮೆ ಅನ್ನಾಕ ಹೇಳವಾ.”

ಎರಡನೆಯ ಸಲ ನಾಲ್ಕೈದು ಜನ ಸೇರಿದರು. ಮೂರನೆಯ ಸಲ ಇಡೀ ಸಭಾಗೃಹ “ತೊಳ್ಯಾಂಗಿಲ್ಲ!” ಎಂದು ಭಜನೆಯ ಚಪ್ಪಾಳೆ ಹಾಕಿತು, ಶಾಲಿನ ಡ್ರಮ್ಮಿನವನು ಆ ತಾಳಕ್ಕೆ ಬಿದ್ದ. ಗಿರಿಜಕ್ಕ ಸೆರಗು ಸಿಕ್ಕಿಸಿ ಎದ್ದರು, ಮಗ್ಗುಲಲ್ಲಿದ್ದ ಖಜಾಂಚಿಯನ್ನು ಭುಜದಿಂದ ದೂಡಿದರು. ಖಜಾಂಚಿ ತಿರುಗಿ ದೂಡಿದಳು. ಕಾಸ್ಯಾಳ ಕಣ್ಣಲ್ಲಿ ನೀರು! ಅದೊಂದೇ ಹಾಡು ಹನ್ನೊಂದು ಸಲ ಆಯಿತು. ಎಲ್ಲರಿಗಿಂತ ಜೋರಾಗಿ ಒದರಿದ್ದು, ಮೈಕು ಹಿಡಿದಿದ್ದ ನಾನು. ಬಸುವಿನ ಸ್ಪೀಕರಿನ ದಯೆಯಿಂದ ಅದು ಮನೆಯಲ್ಲಿ ಪೇಪರು ಓದುತ್ತಿದ್ದವರಿಗೂ ಸ್ಪಷ್ಟವಾಗಿ ಕೇಳಿಸಿತಂತೆ. ವೇದಿಕೆ ಇಳಿಯುವಾಗ ಗಿರಿಜಕ್ಕ ಏದುಸಿರು ಬಿಡುತ್ತ, “ಮುಂದಿನ ತಿಂಗಳದ ನಿರೂಪಣಾನೂ ನಿಂದ” ಎಂದರು.

ರಾತ್ರಿ ನಮ್ಮಲ್ಲೇ ಉಳಿದಿದ್ದ ನಾಲ್ವರೂ ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದದ್ದೇ ನನ್ನ ಅಡಿಗೆಮನೆಗೆ ನುಗ್ಗಿದರು. ತಾವು ಉಂಡದ್ದನ್ನು ತಾವೇ ತೊಳೆಯುವುದು ಅವರ ನೇಮವಂತೆ. ಕಾಸ್ಯಾ ನನ್ನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಕೂತು ನೋಡಿದೆ. ಸಾಬೂನು ಹಚ್ಚಿ ಉಜ್ಜಿದರು. ನೀರಲ್ಲಿ ಜಾಲಿಸದೆ, ನೊರೆ ಸಮೇತ ಬೋರಲು ಹಾಕಿದರು. ಅವರ ಕಡೆ ಹಾಗೆಯೇ ಅಂತೆ. ನನ್ನ ಬೆರಳೆಲ್ಲ ಜುಮುಗುಟ್ಟಿದರೂ ನಗುತ್ತ “ವೆರಿ ನೈಸ್” ಎಂದೆ. ಕಾಸ್ಯಾಳಿಗೆ ಉಡಿ ತುಂಬಿ, ವ್ಯಾನು ಓಣಿಯ ಮೂಲೆ ತಿರುಗುವವರೆಗೆ ಕೈ ಬೀಸಿದೆ. ತಿರುಗಿದ್ದೇ ತಡ, ಒಳಗೆ ಓಡಿ ಸೆರಗು ಸಿಕ್ಕಿಸಿ ಅಷ್ಟೂ ಪಾತ್ರೆಗಳನ್ನು ಮತ್ತೆ ನಳದ ಕೆಳಗೆ ಹಿಡಿದೆ.

ಬಾಗಿಲಲ್ಲಿ ಪೇಪರು ಮೆಲ್ಲಗೆ ಕೆಳಗಿಳಿಯಿತು. “ನಿನ್ನಿ ಹನ್ನೊಂದ ಸಲ ತೊಳ್ಯಾಂಗಿಲ್ಲ ಅಂದಾಕಿ ಯಾರು?”

“ತೊಳದಿಟ್ಟ ಗಂಗಾಳದ ಬಗ್ಗೆ ಹಾಡಿನ್ಯಾಗ ಏನೂ ಇಲ್ರಿ,” ಎಂದು ನಾನು ಇನ್ನೊಂದು ಗಂಗಾಳ ಎತ್ತಿಕೊಂಡೆ.