ಭಾವನ ಮಣೆ, ಮೂರು ಪ್ರಶ್ನೆ

ನಮ್ಮ ಭಾವನ ಎದುರು ತಪ್ಪು ಮಾಡುವುದಕ್ಕೆ ನನಗೆ ಭಯವಿಲ್ಲ. ತಪ್ಪು ಮಾಡಿದವನಿಗೆ ಅವರು ಕೊಡುವ ಮರ್ಯಾದೆಗೆ ಮಾತ್ರ ಭಯ.

ಭಾವ ಎಂದರೆ ನಮ್ಮ ಅಕ್ಕನ ಯಜಮಾನರು. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ, ನೌಕರಿ ಹರಿಹರದ ಒಂದು ಪ್ರಾಥಮಿಕ ಶಾಲೆಯಲ್ಲಿ. ಮೂರನೆಯ ತರಗತಿಯ ಮೇಷ್ಟ್ರು. ನಮ್ಮ ಕಾಲದ ಮೇಷ್ಟ್ರುಗಳು ಹುಣಸೆ ಬರಲಿನಿಂದ ಎರಡು ನಿಮಿಷದಲ್ಲಿ ಇತ್ಯರ್ಥಪಡಿಸುತ್ತಿದ್ದ ವ್ಯಾಜ್ಯವನ್ನು ಇವರು ಆರೋಪಿಯನ್ನು ಮಣೆಯ ಮೇಲೆ ಕೂರಿಸಿ ಅರ್ಧ ಗಂಟೆ ವಿಚಾರಿಸುತ್ತಾರೆ. ಮಣೆ ಎಂದರೆ ಸಾಕ್ಷಾತ್ ಊಟದ ಮಣೆ. ಅಕ್ಕನ ಅಡುಗೆಮನೆಯಿಂದ ಒಂದು ಬೆಳಿಗ್ಗೆ ಕಾಣೆಯಾಗಿ, ಹರಿಹರದ ಬಸ್ಸು ಹತ್ತಿ, ಶಿಕ್ಷಣ ಇಲಾಖೆಯ ಸೇವೆಗೆ ಸೇರಿದ ಮಣೆ ಅದು.

"ಇದ್ದಿದ್ದೇ ಎರಡು ಮಣೆ ಕಣಪ್ಪ," ಎಂದು ಅಕ್ಕ ನನ್ನ ಬಳಿ ದೂರು ದಾಖಲಿಸಿದಳು. "ಒಂದು ಇವ್ರಿಗೆ, ಒಂದು ನಂಗೆ. ಈಗ ಹರಿಹರದ ಪೋಕ್ರಿಗಳು ಮಣೆ ಮ್ಯಾಲೆ, ನಾನು ನೆಲದ ಮ್ಯಾಲೆ."

ಕಚ್ಚಿದ, ಚಿವುಟಿದ, ಪೆನ್ಸಿಲ್ ಲಪಟಾಯಿಸಿದ ಮಗು ಆ ಮಣೆಯ ಮೇಲೆ ಕೂತು, ಒಂದು ಚೀಟಿಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು. ನಾನು ಏನು ಮಾಡಿದೆ? ಯಾಕೆ ಮಾಡಿದೆ? ಮತ್ತೆ ಹಾಗೆ ಮಾಡದಿರಲು ನನಗೆ ಏನು ಸಹಾಯ ಬೇಕು? ಮಂಡಿನೋವಿನ ಭಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಾರೆ. ಹಸಿದ ಹೊಟ್ಟೆಯಲ್ಲಿ ಆತ್ಮಶೋಧನೆ ಆಗದು ಎಂಬುದು ಅವರ ಸಿದ್ಧಾಂತವಾದ್ದರಿಂದ, ಆರಂಭದಲ್ಲಿ ಚೀಟಿಯ ಜೊತೆಗೆ ಒಂದು ಹಿಡಿ ಖಾರಮಂಡಕ್ಕಿಯೂ ಇತ್ತು.

ಪರಿಣಾಮ ಏನಾಯಿತೆಂದು ಹೇಳಬೇಕೆ? ಹೊಡೆತ ತಿಂದವನಿಗೆ ಏನೂ ಇಲ್ಲ, ಹೊಡೆದವನಿಗೆ ಮಂಡಕ್ಕಿ. ತರಗತಿಯಲ್ಲಿ ಅಪರಾಧಗಳು ಹಾಡಹಗಲೇ ಹೆಚ್ಚಿದವು. ಒಬ್ಬ ಹುಡುಗನಂತೂ ಶಾಲೆಯ ನೀರಿನ ನಲ್ಲಿ ಮುರಿದದ್ದು ತಾನೇ ಎಂದು ಒಪ್ಪಿಕೊಂಡ. ನಲ್ಲಿ ಮುರಿದ ದಿನ ಅವನು ಜ್ವರ ಬಂದು ನಂದಿಗುಡಿಯ ಅಜ್ಜಿಯ ಮನೆಯಲ್ಲಿ ಮಲಗಿದ್ದ! ಮೂರನೆಯ ಪ್ರಶ್ನೆಗೆ ಅವನ ಉತ್ತರ: "ಇನ್ನೊಂದು ಹಿಡಿ." ಮರುದಿನದಿಂದ ಮಂಡಕ್ಕಿ ನಿಂತಿತು, ನಾಡಿನಲ್ಲಿ ಶಾಂತಿ ನೆಲೆಸಿತು.

ಮನೆಯವರಿಗೂ ವಿನಾಯಿತಿ ಇಲ್ಲ. ಒಂದು ಭಾನುವಾರ ಊಟಕ್ಕೆ ಬರುತ್ತೇನೆಂದು ಹೇಳಿ ನಾನು ಹೋಗಲಿಲ್ಲ. ಸಂಜೆ ಭಾವ ಬಂದು ಚೀಟಿ ಕೊಟ್ಟರು. ಜೀವಮಾನವೆಲ್ಲ ಕಚೇರಿಯಲ್ಲಿ ಇನ್ನೊಬ್ಬರ ಅರ್ಜಿಗೆ ಕೊಕ್ಕೆ ಹಾಕಿ ನಿವೃತ್ತನಾದ ನಾನು ಮೊದಲ ಸಲ ಅರ್ಜಿದಾರನಾದೆ. "ಬರಲಿಲ್ಲ. ನಿದ್ದೆ ಹತ್ತಿತು. ಸೊಪ್ಪಿನ ಸಾರಿನ ಬದಲು ಮೆಣಸಿನಕಾಯಿ ಬಜ್ಜಿ ಮಾಡಿದರೆ ಎಚ್ಚರವಾಗಬಹುದು," ಎಂದು ಬರೆದುಕೊಟ್ಟೆ.

ಭಾವ ನಗಲಿಲ್ಲ. "ಪ್ರಾಮಾಣಿಕವಾಗಿ ಬರ್ದೀಯಪ್ಪ," ಎಂದು ಮಡಿಸಿ ಜೇಬಿಗಿಟ್ಟರು. ಮುಂದಿನ ಭಾನುವಾರ ಬಜ್ಜಿ ಬಿತ್ತು. ಪದ್ಧತಿಯ ಮೇಲೆ ನನಗೆ ಅಂದಿನಿಂದ ತುಸು ಭಕ್ತಿ.

ಆದರೆ ಈ ವರ್ಷ ಪದ್ಧತಿಗೇ ಸಂಕಟ ಬಂತು. ಕುಕ್ಕುವಾಡದಿಂದ ಬಂದ ಒಬ್ಬ ಹುಡುಗಿ ಮಧ್ಯದಲ್ಲಿ ತರಗತಿಗೆ ಸೇರಿದಳು. ದಿನವೂ ಮಧ್ಯಾಹ್ನದ ಊಟವಾದ ಮೇಲೆ ಯಾರಿಗಾದರೂ ಒಂದು ಬಾರಿಸುವಳು. ಆಮೇಲೆ ತಾನೇ ಹೋಗಿ ಮಣೆಯ ಮೇಲೆ ಕೂತು ಚೀಟಿ ಬರೆಯುವಳು: ಹೊಡೆದೆ. ಸಿಟ್ಟು ಬಂತು. ಮೂರನೆಯ ಜಾಗ ಖಾಲಿ. ಪೆಟ್ಟು ತಿಂದ ಮಕ್ಕಳ ತಾಯಂದಿರು ಬಂದು ಹೋದ ಮೇಲೆ ಹೆಡ್‌ಮೇಡಂ ಭಾವನಿಗೆ ಹೇಳಿಬಿಟ್ಟರು: "ಶುಕ್ರವಾರದೊಳಗ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಅವರಪ್ಪನ್ನ ಕರೆಸಿ, ಬ್ಯಾರೆ ಶಾಲೆ ನೋಡ್ಕೊಳ್ರಿ ಅಂತೀನಿ." ಆ ವಾರ ಭಾವ ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಸುಮ್ಮನೆ ಮುರಿಯುತ್ತಿದ್ದರು.

ಶುಕ್ರವಾರ ಅವರು ಕನ್ನಡಕ ಮರೆತು ಹೋದರು. ಅಕ್ಕ ನನ್ನನ್ನು ಹರಿಹರಕ್ಕೆ ಅಟ್ಟಿದಳು. ನಾನು ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಊಟ ಮುಗಿದಿತ್ತು, ಪೆಟ್ಟೂ ಬಿದ್ದಿತ್ತು. ಹುಡುಗಿ ಮಣೆಯ ಮೇಲಿದ್ದಳು.

"ಬರಿಯವ್ವ. ಮೂರನೇದು ಏನರ ಒಂದು ಬರಿ," ಎನ್ನುತ್ತಿದ್ದರು ಭಾವ.

ಹುಡುಗಿ ಪೆನ್ಸಿಲ್ಲನ್ನು ಚೀಟಿಯ ಪಕ್ಕಕ್ಕೆ ಇಟ್ಟುಬಿಟ್ಟಳು.

"ಬಾಯಿ ಐತೋ ಇಲ್ಲೋ ನಿಂಗೆ?" ಭಾವ ಗುಡುಗಿದರು. ಅವರ ಗಂಟಲಿನಲ್ಲಿ ಅಂಥದ್ದೊಂದು ಧ್ವನಿ ಇದೆಯೆಂದು ಅಕ್ಕನಿಗೂ ಗೊತ್ತಿರಲಾರದು.

ಮುಂದಿನ ಸಾಲಿನಿಂದ ಗೇಣುದ್ದದ ಒಬ್ಬಳು ಎದ್ದು ನಿಂತಳು. "ಸಾರ್, ನೀವು ಕೂಗಿದ್ರಿ. ಈಗ ನೀವು ಕೂಡ್ರಬೇಕ್ರಿ."

ಕಾನೂನು ಎಂದರೆ ಕಾನೂನು. ಹುಡುಗಿ ಎದ್ದು ಜಾಗ ಬಿಟ್ಟಳು. ಎರಡು ಮಂಡಿಯೂ ಆಕ್ಷೇಪಣೆ ಸಲ್ಲಿಸಿದರೂ ಭಾವ ಮಣೆಯ ಮೇಲೆ ಇಳಿದರು. ಗೇಣುದ್ದದವಳು ವಿಚಾರಣೆ ಶುರುಮಾಡಿದಳು.

"ಏನ್ ಮಾಡಿದ್ರಿ ಸಾರ್?"

"ಕೂಗಿದೆ."

"ಯಾಕ್ರಿ?"

"ಹೆದರಿಕೆ ಆತು. ಇವ್ಳು ಇನ್ಮ್ಯಾಲೆ ನಮ್ಮ ಶಾಲೆಗೆ ಬರಲ್ವೇನೋ ಅಂತ."

"ಏನ್ ಸಹಾಯ ಬೇಕ್ರಿ?"

ಭಾವನೇ ಇಷ್ಟು ದಿನ ಎಲ್ಲರನ್ನೂ ಕೇಳಿದ ಪ್ರಶ್ನೆ. "ಗೊತ್ತಾಗವಲ್ದವ್ವ," ಎಂದರು.

ಹೊಡೆಯುವ ಹುಡುಗಿ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ನಂಗೂ ಹಂಗೇ ಆಗುತ್ತೆ ಸಾರ್," ಎಂದಳು, ಅವರಿಗೆ ಮಾತ್ರ ಎಂಬಂತೆ. "ಉಂಡ ಮ್ಯಾಲೆ ಎಲ್ರೂ ಆಡಾಕ ಹೋಗ್ತಾರೆ. ನನ್ನ ಯಾರೂ ಕರಿಯಲ್ಲ. ಹೊಡದ್ರೆ ತಿರುಗಿ ನೋಡ್ತಾರೆ."

ಭಾವ ಬಾಗಿಲಲ್ಲಿದ್ದ ನನ್ನತ್ತ ಕೈ ಚಾಚಿದರು. ನಾನು ಒಳಗೆ ಹೋಗಿ ಕನ್ನಡಕವನ್ನು ಅಂಗಿಯ ತುದಿಯಿಂದ ಚೆನ್ನಾಗಿ ಒರೆಸಿ ಕೊಟ್ಟೆ. ಅದನ್ನು ಹಾಕಿಕೊಂಡು ಭಾವ ಅವಳ ಚೀಟಿಯ ಖಾಲಿ ಜಾಗವನ್ನು ತೋರಿಸಿ, "ಅದನ್ನೇ ಬರಿಯವ್ವ," ಎಂದರು. ಅವಳು ಬರೆದಳು: ಕರೀಬೇಕು.

ಗುಡುಗು ಕೇಳಿ ಬಂದಿದ್ದ ಹೆಡ್‌ಮೇಡಂ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಬಂದು ಚೀಟಿ ಓದಿದರು. ಅಪ್ಪನನ್ನು ಕರೆಸುವ ಮಾತು ಎತ್ತಲಿಲ್ಲ. ತರಗತಿಯ ಕಡೆ ತಿರುಗಿ, "ಇವಳನ್ನ ಆಟಕ್ಕೆ ಯಾರು ಕರೀತೀರಿ?" ಎಂದರು.

ಅಂದು ಪೆಟ್ಟು ತಿಂದಿದ್ದ ಹುಡುಗಿ ಒಂದು ಕೈಯಿಂದ ಭುಜ ಉಜ್ಜಿಕೊಳ್ಳುತ್ತಲೇ ಇನ್ನೊಂದು ಕೈ ಎತ್ತಿದಳು.

"ನಾನು ಕರೀತೀನ್ರಿ ಮೇಡಂ. ಆದ್ರೆ ಅವ್ಳು ಹೊಡಿಬಾರ್ದು."

"ಕರದ್ರೆ ಯಾಕ ಹೊಡೀಲಿ?" ಎಂದಳು ಕುಕ್ಕುವಾಡದವಳು, ನಿಜವಾಗಿಯೂ ಅರ್ಥವಾಗದವಳ ಹಾಗೆ.

ಭಾವ ಕನ್ನಡಕ ತೆಗೆದು ಒರೆಸತೊಡಗಿದರು. ಈಗಷ್ಟೇ ನಾನು ಅಷ್ಟು ಚೆನ್ನಾಗಿ ಒರೆಸಿ ಕೊಟ್ಟ ಕನ್ನಡಕ.