ಕೊಕ್ಕೆಗೋಲಿನ ಕೃಪೆ

ಅನಾಹುತಕ್ಕೆಲ್ಲ ಕಾರಣವಾದದ್ದು ಒಂದು ಚೀಸಿನ ಗುಂಡು. ಮೇಣದಬತ್ತಿ ಮಾಡುವ ಲುಬ್ಬರ್ಟ್ ಅದನ್ನು ಕಂಕುಳಲ್ಲಿ ಇರುಕಿಕೊಂಡು, ತನಗಿದ್ದ ಒಂದೇ ಒಂದು ಒಳ್ಳೆಯ ಕೋಟು ತೊಟ್ಟು, ಲೈಡನ್ ಊರಿನ ಕಾಲುವೆಯ ದಂಡೆಯ ಮೇಲೆ ಹೆಣ್ಣು ಕೇಳಲು ಹೊರಟಿದ್ದ. ಆಲ್ಟ್ಯೆ ಒಪ್ಪಿ ಆರು ತಿಂಗಳಾಗಿತ್ತು. ಒಪ್ಪಬೇಕಾಗಿದ್ದವರು ಅವಳ ಅಣ್ಣಂದಿರು; ಇಬ್ಬರೂ ಹೂಂ ಎನ್ನದೆ ತಾನು ಹೊಸ್ತಿಲು ದಾಟುವವಳಲ್ಲ ಎಂದು ಅವಳು ಹೇಳಿಬಿಟ್ಟಿದ್ದಳು.

ತೊಡಕಿದ್ದದ್ದೇ ಅಲ್ಲಿ. ಹಿರಿಯವನಾದ ಕ್ರೈನ್ ಕಾಲ್ವಿನ್ ಪಂಥದವನು. ಯಾರು ಉದ್ಧಾರವಾಗಬೇಕೆಂಬುದನ್ನು ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ, ಮನುಷ್ಯನ ಕೈಯಲ್ಲಿ ಏನೂ ಇಲ್ಲ ಎನ್ನುವವನು. ಕಿರಿಯವನಾದ ಮೇಲಿಸ್ ಅರ್ಮಿನಿಯಸ್ ಪಂಥದವನು. ದೇವರು ಕೃಪೆಯನ್ನು ಎಲ್ಲರ ಮುಂದೆಯೂ ಚಾಚುತ್ತಾನೆ, ಹಿಡಿಯುವುದೂ ಬಿಡುವುದೂ ಅವರವರಿಗೆ ಸೇರಿದ್ದು ಎನ್ನುವವನು. ಆ ವರ್ಷಗಳಲ್ಲಿ ಊರಿಗೆ ಊರೇ ಹೀಗೆ ಎರಡಾಗಿ ಸೀಳಿಹೋಗಿತ್ತು. ಅಣ್ಣತಮ್ಮಂದಿರು ಒಂದೇ ಹಂಡೆಯಲ್ಲಿ ಉಣ್ಣೆಬಟ್ಟೆಗೆ ಬಣ್ಣ ಹಾಕುತ್ತಿದ್ದರೂ ಅವರ ನಡುವೆ ಮೂರು ವರ್ಷಗಳಿಂದ ಮಾತಿರಲಿಲ್ಲ. ಒಬ್ಬ ಉಂಡೆದ್ದ ಮೇಲೆಯೇ ಇನ್ನೊಬ್ಬ ಮೇಜಿಗೆ ಬರುತ್ತಿದ್ದ.

ಸೇತುವೆಯ ತಿರುವಿನಲ್ಲಿ ಚೀಸು ಜಾರಿ ಉರುಳಿತು. ಲುಬ್ಬರ್ಟ್ ಅದರ ಹಿಂದೆಯೇ ಬಾಗಿ ಓಡಿದ. ಚೀಸು ದಂಡೆಯ ಅಂಚಿನಲ್ಲಿ ನಿಂತಿತು, ಲುಬ್ಬರ್ಟ್ ನಿಲ್ಲಲಿಲ್ಲ.

ಮಂಜುಗಡ್ಡೆ ಕರಗಿ ವಾರವೂ ಆಗಿರದ ನೀರು. ಎರಡು ಸಲ ಮುಳುಗಿ ಅವನು ಮೂರನೆಯದಕ್ಕೆ ಸಿದ್ಧನಾಗುತ್ತಿದ್ದಾಗ, ಎದುರಿಗೇ ತಮ್ಮ ಮನೆಯ ಮುಂದೆ ಬಟ್ಟೆ ಜಾಲಿಸುತ್ತಿದ್ದ ಅಣ್ಣತಮ್ಮಂದಿರು ತಮ್ಮ ಉದ್ದನೆಯ ಕೊಕ್ಕೆಗೋಲನ್ನು ಚಾಚಿ, ಒದ್ದೆ ಕಂಬಳಿಯನ್ನು ಎತ್ತುವಂತೆ ಅವನನ್ನೆತ್ತಿ ದಂಡೆಗೆ ಹಾಕಿದರು.

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ, ಯಜಮಾನ್ರೇ!” ಲುಬ್ಬರ್ಟ್ ಇಬ್ಬರ ಕೈಗಳನ್ನೂ ಹಿಡಿದುಕೊಂಡ. “ಇಬ್ಬರ ಉಪಕಾರಾನೂ ಹೇಗೆ ತೀರಿಸ್ಲಿ!”

“ನನಗ್ಯಾಕೆ ಹೇಳ್ತೀಯ?” ಎಂದ ಕ್ರೈನ್. “ನೀನು ಹೆಣದ ಹಾಗೆ ತೇಲ್ತಿದ್ದೆ. ಕೊಕ್ಕೆ ತಾನಾಗೇ ಬಂದು ನಿನ್ನ ಸೊಂಟಪಟ್ಟಿಗೆ ಸಿಕ್ಕಿತು. ಶುದ್ಧ ಕೃಪೆ ಅಂದ್ರೆ ಇದೇ.”

ಮೇಲಿಸ್ ಅಣ್ಣನತ್ತ ನೋಡದೆ, ಆಕಾಶಕ್ಕೆ ಹೇಳುವವನಂತೆ ಹೇಳಿದ. “ಇಲ್ಲಿ ನಿಂತಿರೋ ಮಹಾನುಭಾವರಿಗೆ ಯಾರಾದ್ರೂ ತಿಳಿಸ್ರಪ್ಪಾ. ಇವನು ಕೋಲನ್ನ ತಾನೇ ಗಟ್ಟಿಯಾಗಿ ಹಿಡಕೊಂಡದ್ದನ್ನ ನಾನು ಕಣ್ಣಾರೆ ನೋಡಿದೀನಿ. ಹಿಡೀದೇ ಇದ್ದಿದ್ರೆ ಇಷ್ಟು ಹೊತ್ತಿಗೆ ಮೀನಿಗೆ ಊಟ ಆಗ್ತಿದ್ದ!”

ಮೀನು ಮಾರುವ ಹಿಲ್ಲೆಗೋಂಡ್ ಬುಟ್ಟಿ ಇಳಿಸಿದಳು. ಅವಳು ಬುಟ್ಟಿ ಇಳಿಸಿದಳೆಂದರೆ ಸಭೆ ಸೇರಿತೆಂದೇ ಅರ್ಥ. ಬೆಲ್ಲಕ್ಕೆ ಇರುವೆ ಮುತ್ತುವಂತೆ ಜನ ಮುತ್ತಿದರು.

“ಹೇಳಪ್ಪಾ ಮೇಣದಬತ್ತಿ, ನೀನು ಹಿಡಕೊಂಡ್ಯೋ, ಅದೇ ನಿನ್ನ ಹಿಡೀತೋ?”

“ಅಮ್ಮಾ, ಬದುಕಿದೀನಲ್ಲ, ಅಷ್ಟು ಸಾಲದಾ?”

“ಬದುಕೋಕೇನು, ಯಾರು ಬೇಕಾದ್ರೂ ಬದುಕ್ತಾರೆ. ಹೇಗೆ ಬದುಕ್ದೆ ಅನ್ನೋದನ್ನ ಹೇಳು!”

ಕ್ರೈನ್ ಅವನ ಬಲಗಿವಿಯಲ್ಲಿ ಪಿಸುಗುಟ್ಟಿದ. “ಯಾಕೆ ಬಂದೆ ಅಂತ ನನಗೆ ಗೊತ್ತು. ಕೈ ಅಲ್ಲಾಡಿಸಲಿಲ್ಲ ಅಂತ ಒಂದು ಮಾತು ಹೇಳು, ನನ್ನ ಒಪ್ಪಿಗೆ ಇದೆ.” ಎಡಗಿವಿಯಲ್ಲಿ ಮೇಲಿಸ್. “ಹಿಡಕೊಂಡೆ ಅಂತ ಹೇಳು ಸಾಕು, ನನ್ನ ಕಡೆಯಿಂದ ಅಡ್ಡಿಯಿಲ್ಲ.”

ಒಬ್ಬನ ಒಪ್ಪಿಗೆ ಸಿಕ್ಕರೆ ಇನ್ನೊಬ್ಬನದು ತಪ್ಪುತ್ತಿತ್ತು. ಲುಬ್ಬರ್ಟ್ ಪ್ರಾಮಾಣಿಕನಾಗಿ ನೆನಪನ್ನು ಕೆದಕಿದ. ನೀರು, ಕೆಸರು, ಆಲ್ಟ್ಯೆಯ ಮುಖ, ಇಷ್ಟೇ ಸಿಕ್ಕಿತು.

“ನಿಜವಾಗ್ಲೂ ನೆನಪಿಲ್ಲ, ಯಜಮಾನ್ರೇ.”

“ಹಾಗಿದ್ರೆ ಇನ್ನೊಂದ್ಸಲ ಬೀಳ್ಲಿ,” ಎಂದಳು ಹಿಲ್ಲೆಗೋಂಡ್. “ಈ ಸಲ ಎಲ್ಲರೂ ಸರಿಯಾಗಿ ನೋಡೋಣ.”

ಎಲ್ಲರಿಗೂ ಇದು ಬಹಳ ನ್ಯಾಯವಾಗಿ ಕಂಡಿತು. ಪ್ರಾಣ ಉಳಿಸಿದವರು ಇಷ್ಟು ಸಣ್ಣ ಸಹಾಯ ಕೇಳುವಾಗ ಒಲ್ಲೆನೆನ್ನಲು ಲುಬ್ಬರ್ಟ್‌ನಿಗೂ ಬಾಯಿ ಬರಲಿಲ್ಲ. ಕೋಟು ಕಳಚಿ, ಮಡಿಸಿಟ್ಟು, ಕಣ್ಣು ಮುಚ್ಚಿ ಹಾರಿದ.

“ಕೈ ಆಡಿಸಬೇಡ! ನಿನ್ನ ಹೆಸರು ಬರೆದಿದ್ರೆ ಕೊಕ್ಕೆ ಹುಡುಕ್ಕೊಂಡು ಬರುತ್ತೆ!” ಎಂದು ಕ್ರೈನ್ ಕೂಗಿದ.

“ಕೈ ಚಾಚೋ! ಮನಸ್ಸು ಮಾಡೋ!” ಎಂದು ಮೇಲಿಸ್ ಕಿರುಚಿದ.

ಲುಬ್ಬರ್ಟ್ ಒಂದು ಕೈ ಚಾಚಿ, ಇನ್ನೊಂದನ್ನು ಸುಮ್ಮನಿಟ್ಟುಕೊಂಡ. ಆದರೆ ಕೋಲು ಬರಲಿಲ್ಲ. ಕೊಕ್ಕೆಯ ತುದಿಯನ್ನು ನೀರಿಗಿಳಿಸಬೇಕೆಂದು ಒಬ್ಬ, ಹಿಡಿಯ ತುದಿಯನ್ನೆಂದು ಇನ್ನೊಬ್ಬ, ಅಣ್ಣತಮ್ಮಂದಿರು ದಂಡೆಯ ಮೇಲೆ ಅದನ್ನು ಅತ್ತಿತ್ತ ಎಳೆದಾಡುತ್ತಿದ್ದರು. ಜನರೆಲ್ಲ ಕೋಲನ್ನೇ ನೋಡುತ್ತಿದ್ದರು. ಲುಬ್ಬರ್ಟ್ ಸೇತುವೆಯ ಕೆಳಗೆ ತೇಲಿಹೋದ.

ಆಚೆ ಕಡೆಯಿಂದ ಸೀಬ್ರಾಂಟ್ ಮುದುಕನ ಉರುವಲು ದೋಣಿ ಬರುತ್ತಿತ್ತು. ಸೀಬ್ರಾಂಟ್ ಮೆನ್ನೊನೈಟ್ ಪಂಗಡದವನು. ಹಸುಗೂಸುಗಳಿಗೆ ದೀಕ್ಷಾಸ್ನಾನ ಸಲ್ಲದು, ಬೆಳೆದವರು ತಮ್ಮ ಬಾಯಿಂದಲೇ ನಂಬಿಕೆಯನ್ನು ಹೇಳಿ ತಲೆಯ ಮೇಲೆ ನೀರು ಹೊಯ್ಯಿಸಿಕೊಳ್ಳಬೇಕು ಎನ್ನುವವರು ಅವರು. ಅವರನ್ನು ಕಂಡರೆ ಊರಿನ ಎರಡೂ ಪಂಥಗಳಿಗೆ ಸಮಾನವಾಗಿ ಆಗುತ್ತಿರಲಿಲ್ಲ. ಮುದುಕ ಯಾವ ಚರ್ಚೆಯನ್ನೂ ಮಾಡದೆ ಲುಬ್ಬರ್ಟ್‌ನ ಕೊರಳಪಟ್ಟಿ ಹಿಡಿದು ಮೇಲಕ್ಕೆಳೆದ. ಬಂದವನು ಮನುಷ್ಯನಂತಿರದೆ ಕೆಸರಿನ ಮುದ್ದೆಯಂತಿದ್ದ. ಕಣ್ಣು ಮೂಗು ತೊಳೆಯಲೆಂದು ಅವನನ್ನು ಮಂಡಿಯೂರಿಸಿ, ಕುಡಿಯುವ ನೀರಿನ ಪೀಪಾಯಿಯಿಂದ ಹೂಜಿ ತುಂಬಿ ತಲೆಯ ಮೇಲೆ ಸುರಿದ.

“ಜೀವ ಇದೆಯೇನಪ್ಪಾ?”

“ಇದೆ ತಾತಾ, ಇದೆ!”

ಎರಡನೆಯ ಹೂಜಿ. “ದೇವರೇ ಉಳಿಸ್ದ ಅಂತ ನಂಬ್ತೀಯ ತಾನೇ?”

“ನಂಬ್ತೀನಿ!” ಕೃತಜ್ಞತೆ ಉಕ್ಕಿ ಬಂದು ಲುಬ್ಬರ್ಟ್ ಇಡೀ ಕಾಲುವೆಗೆ ಕೇಳುವಂತೆ ಕೂಗಿದ. “ಮನಸಾರೆ ನಂಬ್ತೀನಿ, ತಾತಾ!”

ಮೂರನೆಯ ಹೂಜಿ.

ದಂಡೆಯ ಮೇಲಿದ್ದವರ ಕಣ್ಣೆಲ್ಲ ಕೋಲಿನಿಂದ ದೋಣಿಯತ್ತ ತಿರುಗಿತು.

“ಅಯ್ಯೋ ದೇವರೇ!” ಹಿಲ್ಲೆಗೋಂಡ್ ಎದೆಯ ಮೇಲೆ ಕೈಯಿಟ್ಟಳು. “ನಮ್ಮ ಕಣ್ಣೆದುರಿಗೇ ದೀಕ್ಷೆ ತಗೊಂಡ್ಬಿಟ್ಟ!”

ಕ್ರೈನ್ ಕೋಲನ್ನು ಕೆಳಗಿಟ್ಟ. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ತಮ್ಮನತ್ತ ತಿರುಗಿದ.

“ನೋಡ್ದ್ಯೇನೋ ಮೇಲಿಸ್?”

“ನೋಡ್ದೆ ಅಣ್ಣಾ. ಹುಟ್ಟಿದಾಗ ಆದ ಸ್ನಾನ ಸಾಲದು ಅಂತ ಇನ್ನೊಂದು! ಇಂಥೋನಿಗೆ ನಮ್ಮ ತಂಗೀನ ಕೊಡೋದಾ?”

“ಕಾಲುವೆ ಬತ್ತಿದ್ರೂ ಇಲ್ಲ.”

ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಅವರು ಮನೆಯೊಳಗೆ ಹೋದರು. “ಅದು ಬರೀ ಕೆಸರು ತೊಳೆದದ್ದು!” ಎಂದು ಲುಬ್ಬರ್ಟ್ ದೋಣಿಯಿಂದ ಕೂಗಿದ್ದು ಯಾರಿಗೂ ರುಚಿಸಲಿಲ್ಲ.

ಅವನು ನೀರಿಳಿಸುತ್ತಾ ಬಾಗಿಲಿಗೆ ಬಂದಾಗ ಆಲ್ಟ್ಯೆ ಒಣಗಿದ ಕಂಬಳಿ ತಂದು ಹೊದೆಸಿದಳು.

“ನಾನು ಆ ಪಂಗಡ ಸೇರಿಲ್ಲ, ಆಲ್ಟ್ಯೆ. ಆಣೆಗೂ...”

“ಗೊತ್ತು. ಕಿಟಕಿಯಿಂದ ಎಲ್ಲಾ ನೋಡ್ದೆ.”

ಲುಬ್ಬರ್ಟ್‌ನ ಮುಖ ದೀಪದಂತೆ ಹೊತ್ತಿಕೊಂಡಿತು. “ಹಾಗಿದ್ರೆ ಒಳಗೆ ಹೋಗಿ ಅವರಿಗೆ ಹೇಳು!”

ಅವಳು ತಲೆ ತಗ್ಗಿಸಿದಳು. “ಮೂರು ವರ್ಷದಿಂದ ನಾನು ದಿನಾ ಒಂದೇ ಪ್ರಾರ್ಥನೆ ಮಾಡ್ತಿದ್ದೆ. ಅಣ್ಣಂದಿರಿಬ್ರೂ ಒಟ್ಟಿಗೆ ಕೂತು ಉಣ್ಣಲಿ ಅಂತ. ಇವತ್ತು ಕೂತಿದಾರೆ. ನಿಜ ಹೇಳಿದ್ರೆ ಒಬ್ರು ಎದ್ದು ಹೋಗ್ತಾರೆ. ನಿಮ್ಮ ಉಪಕಾರಾನ ಸಾಯೋವರೆಗೂ ಮರೆಯಲ್ಲ ನಾನು.”

“ಆಲ್ಟ್ಯೆ, ಸಾರು ಬಡಿಸಮ್ಮಾ!” ಒಳಗಿನಿಂದ ಎರಡು ದನಿಗಳು ಒಟ್ಟಿಗೆ ಬಂದವು. ಅವಳ ಕಣ್ಣು ತುಂಬಿತು. ಕೋಪಿಸಿಕೊಳ್ಳಲು ಕೂಡ ಆಗದಷ್ಟು ಮೃದುವಾಗಿ ಅವಳು ಬಾಗಿಲು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಊಟಕ್ಕೆ ಮುಂಚಿನ ಪ್ರಾರ್ಥನೆ ಕೇಳಿಸಿತು. ಒಡೆದ ಮನೆಯನ್ನು ಒಂದುಗೂಡಿಸಿದ್ದಕ್ಕಾಗಿ ಮೂವರೂ ದೇವರನ್ನು ವಂದಿಸುತ್ತಿದ್ದರು. ಹೊಸ್ತಿಲ ಹೊರಗೆ ಕಂಬಳಿ ಹೊದ್ದು ನಿಂತಿದ್ದ ಲುಬ್ಬರ್ಟ್ ತಲೆಬಾಗಿ, ತಾನೂ “ಆಮೆನ್” ಎಂದ.